ಒಂದು ತೋಟ, ಎರಡು ಪಟ್ಟಿ: ವಿಂಡೋಸ್, ಲಿನಕ್ಸ್, ಮ್ಯಾಕ್ ಬೆರೆತ ಲ್ಯಾಬ್‌ನಲ್ಲಿ ಸಾಫ್ಟ್‌ವೇರ್ ಹಂಚಿಕೊಳ್ಳೋದು ಹೇಗೆ

ಒಂದು ವರ್ಷ ಮಳೆಗಾಲ ಮುಗಿದ ಮೇಲೆ ನಮ್ಮ ಲ್ಯಾಬ್‌ನ ಇಬ್ಬರು ವಿದ್ಯಾರ್ಥಿಗಳು ಸಕಲೇಶಪುರದ ಕಡೆ ಒಂದು ಕಾಫಿ ತೋಟಕ್ಕೆ ಹೋದರು. ತೋಟವನ್ನು 120 ತುಂಡು ಮಾಡಿ ನಂಬರ್ ಹಾಕಿಟ್ಟಿದ್ದೆವು. ಅದರಲ್ಲಿ 30 ತುಂಡುಗಳನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸಬೇಕು, ಅಲ್ಲಿನ ಗಿಡಗಳಲ್ಲಿ ಎಲೆ ತುಕ್ಕು ರೋಗ ಎಷ್ಟಿದೆ ಅಂತ ಇವರು ನೋಡಿ ಬರೆದುಕೊಳ್ಳಬೇಕು. ಇಬ್ಬರ ಹತ್ತಿರವೂ ಅದೇ ಪ್ರೋಗ್ರಾಂ ಇತ್ತು, ಅದೇ ಸೀಡ್ ನಂಬರ್ 123 ಇತ್ತು. ಸೀಡ್ ಅಂದರೆ ಚೀಟಿ ಎತ್ತಲು ಕಂಪ್ಯೂಟರ್‌ಗೆ ಕೊಡುವ ಶುರುವಿನ ನಂಬರ್, ಅದು ಒಂದೇ ಇದ್ದರೆ ಚೀಟಿಗಳೂ ಒಂದೇ ಬರಬೇಕು. ತೋಟದೊಳಗೆ ನಿಂತು ಪಟ್ಟಿ ಹೋಲಿಸಿದರೆ ಒಂದಕ್ಕೊಂದು ತಾಳೆಯೇ ಇಲ್ಲ. ಅಷ್ಟರಲ್ಲಿ ಒಬ್ಬಳು 9 ತುಂಡುಗಳಿಗೆ ಟೇಪ್ ಕಟ್ಟಿ ಮುಗಿಸಿದ್ದಳು. ತೋಟದ ಲೆಕ್ಕ ಬರೆಯುವ ರೈಟರ್ ನಗು ತಡೆದುಕೊಂಡು ನಿಂತಿದ್ದರಂತೆ.

ಸಂಜೆ ಹಾಸನಕ್ಕೆ ವಾಪಸ್ ಬಂದ ಮೇಲೆ ಎರಡೂ ಕಂಪ್ಯೂಟರ್ ಪಕ್ಕಪಕ್ಕ ಇಟ್ಟು ನೋಡಿದೆ. ಒಂದು ಹಳೇ ವಿಂಡೋಸ್ ಲ್ಯಾಪ್‌ಟಾಪ್, ಅದರಲ್ಲಿ ಯಾರೋ ಯಾವಾಗಲೋ ಹಾಕಿದ್ದ ಆರ್ 3.5. ಆರ್ ಅಂದರೆ ಅಂಕಿ ಅಂಶದ ಲೆಕ್ಕಕ್ಕೆ ಬಳಸುವ ಪ್ರೋಗ್ರಾಮಿಂಗ್ ಭಾಷೆ. ಇನ್ನೊಂದು ಉಬುಂಟು, ಅದರಲ್ಲಿ ಆರ್ 4.1. 2019ರ ಏಪ್ರಿಲ್‌ನಲ್ಲಿ ಆರ್ 3.6.0 ಬಂದಾಗ ಸ್ಯಾಂಪಲ್ ಅನ್ನೋ ಫಂಕ್ಷನ್ ಚೀಟಿ ಎತ್ತುವ ರೀತಿಯನ್ನೇ ಬದಲಾಯಿಸಿದ್ದರು, ಹಳೆಯದು ಎಲ್ಲ ನಂಬರಿಗೂ ಪೂರ್ತಿ ಸಮವಾಗಿ ಅವಕಾಶ ಕೊಡುತ್ತಿರಲಿಲ್ಲ ಅನ್ನೋ ಕಾರಣಕ್ಕೆ. ಹಾಗಾಗಿ ಅದರ ಹಿಂದಿನ ಆರ್‌ಗೂ ಮುಂದಿನ ಆರ್‌ಗೂ ಒಂದೇ ಸೀಡ್ ಕೊಟ್ಟರೂ ಬೇರೆ ಬೇರೆ ಚೀಟಿ ಬರುತ್ತದೆ. ಪ್ರೋಗ್ರಾಂ ತಪ್ಪಲ್ಲ, ಹುಡುಗರ ತಪ್ಪೂ ಅಲ್ಲ. ಪ್ರೋಗ್ರಾಂ ಫೈಲ್ ಹಂಚಿಕೊಂಡಿದ್ದರು, ಅದನ್ನು ಓಡಿಸುವ ಸಾಫ್ಟ್‌ವೇರ್ ಯಾವುದು ಅನ್ನೋದನ್ನು ಹಂಚಿಕೊಂಡಿರಲಿಲ್ಲ, ಅಷ್ಟೇ.

ಆವತ್ತಿನಿಂದ ಶುರು ಮಾಡಿ ಸುಮಾರು ಒಂದು ವರ್ಷ ಎಡವಿ ಎಡವಿ ನಾವು ಕಟ್ಟಿಕೊಂಡ ಏರ್ಪಾಟನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮದು ದೊಡ್ಡ ಲ್ಯಾಬ್ ಏನಲ್ಲ. ಒಂದು ಕೋಣೆ, 11 ಕಂಪ್ಯೂಟರ್, ಅದರಲ್ಲಿ 6 ವಿಂಡೋಸ್, 3 ಉಬುಂಟು, 2 ಮ್ಯಾಕ್. ಕಂಪ್ಯೂಟರ್ ನೋಡಿಕೊಳ್ಳೋಕೆ ಅಂತ ಬೇರೆ ಜನ ಇಲ್ಲ, ನಾನೇ. ಕಮಾಂಡ್‌ಗಳನ್ನು ಹೇಳುವ ಹಾಗೇ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

ಮೊದಲು ರಿಜಿಸ್ಟರ್ ಬರೆಯಿರಿ

ಏನನ್ನೂ ಇನ್‌ಸ್ಟಾಲ್ ಮಾಡುವ ಮೊದಲು ಒಂದು ಲಾಂಗ್ ಬುಕ್ ತಗೊಂಡು ಪ್ರತಿ ಕಂಪ್ಯೂಟರ್ ಮುಂದೆ ಕೂತು ಬರೆಯಿರಿ. ಯಾವ ಆಪರೇಟಿಂಗ್ ಸಿಸ್ಟಂ, ಅದರ ಯಾವ ವರ್ಷನ್, ರ‍್ಯಾಮ್ ಎಷ್ಟು, ಆರ್ ಎಷ್ಟನೆಯದು, ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್ ಎಷ್ಟನೆಯದು. ಮ್ಯಾಕ್ ಆದರೆ ಇಂಟೆಲ್ ಚಿಪ್ಪೋ, 2020ರ ಕೊನೆಯಿಂದ ಬರುತ್ತಿರುವ ಆಪಲ್‌ನದೇ ಎಂ ಸಾಲಿನ ಚಿಪ್ಪೋ ಅನ್ನೋದನ್ನೂ ಬರೆದುಕೊಳ್ಳಿ, ಮುಂದೆ ಇದು ಬೇಕೇ ಬೇಕು. ನಮ್ಮಲ್ಲಿ 11 ಕಂಪ್ಯೂಟರ್‌ಗೆ ಆರ್‌ನ 5 ವರ್ಷನ್ ಸಿಕ್ಕಿತು. ಒಂದರಲ್ಲಿ ಪೈಥಾನ್ 2 ಇನ್ನೂ ಉಸಿರಾಡುತ್ತಿತ್ತು, 2020ರ ಜನವರಿ 1ಕ್ಕೇ ಅದರ ಕಥೆ ಮುಗಿದಿದ್ದರೂ.

ಉಬುಂಟು ಇರುವವರು ಒಂದು ವಿಷಯ ಗಮನಿಸಿ. ಉಬುಂಟು ತಾನೇ ಕೊಡುವ ಆರ್ ಆ ಉಬುಂಟು ಬಂದ ಕಾಲದ್ದು. 20.04ರಲ್ಲಿ ಆರ್ 3.6.3, 22.04ರಲ್ಲಿ 4.1.2, 24.04ರಲ್ಲಿ 4.3.3. ಎಷ್ಟು ಸಲ ಅಪ್‌ಡೇಟ್ ಮಾಡಿದರೂ ಅದು ಅಲ್ಲಿಂದ ಮೇಲೆ ಹತ್ತುವುದಿಲ್ಲ. "ಅಣ್ಣಾ, ನಾನು ನಿನ್ನೆ ತಾನೇ ಅಪ್‌ಡೇಟ್ ಮಾಡಿದೀನಿ" ಅಂತ ಹೇಳಿದವರ ಆರ್ ಹಳೆಯದೇ ಇರುವುದು ಇದರಿಂದಲೇ. ಸುಳ್ಳಲ್ಲ ಪಾಪ.

ಕಂಪ್ಯೂಟರ್ ಪಟ್ಟಿ ಆದ ಮೇಲೆ ಸಾಫ್ಟ್‌ವೇರ್‌ಗಳನ್ನು ಮೂರು ಗುಂಪು ಮಾಡಿ. ಆರ್, ಪೈಥಾನ್, ನಕ್ಷೆ ಕೆಲಸದ ಕ್ಯೂಜಿಐಎಸ್, ಫೋಟೋ ಅಳೆಯುವ ಫೀಜಿ, ಲಿಬ್ರೆ ಆಫೀಸ್ ಇಂಥವು ಮೂರು ಕಡೆಯೂ ಸಿಗುತ್ತವೆ, ಇದು ಒಂದು ಗುಂಪು. ಒಂದೇ ಕಡೆ ಓಡುವವು ಎರಡನೆಯದು, ಉದಾಹರಣೆಗೆ ಉಪಕರಣದ ಜೊತೆ ಸೀಡಿಯಲ್ಲಿ ಬಂದ ವಿಂಡೋಸ್ ಪ್ರೋಗ್ರಾಂ. ದುಡ್ಡು ಕೊಟ್ಟು ಲೈಸೆನ್ಸ್ ತಗೊಂಡವು ಮೂರನೆಯದು. ಮೂರಕ್ಕೂ ಮದ್ದು ಬೇರೆ ಬೇರೆ.

ಒಂದು ಕಂಪ್ಯೂಟರ್‌ನಲ್ಲಿ ಹಾಕಿ, ಎಲ್ಲರೂ ಬ್ರೌಸರ್‌ನಲ್ಲಿ ತೆರೆಯಿರಿ

ಇದೊಂದನ್ನು ಮಾಡಿದರೆ ಅರ್ಧಕ್ಕಿಂತ ಜಾಸ್ತಿ ತಲೆನೋವು ಹೋಗುತ್ತದೆ. ಹಾಗಾಗಿ ಮಿಕ್ಕಿದ್ದು ಓದದಿದ್ದರೂ ಇದನ್ನು ಓದಿ.

11 ಕಂಪ್ಯೂಟರ್‌ನಲ್ಲೂ ಒಂದೇ ಸಾಫ್ಟ್‌ವೇರ್, ಒಂದೇ ವರ್ಷನ್ ಇಡಲು ಹೊರಟರೆ ಜೀವಮಾನ ಪೂರ್ತಿ ಅದೇ ಕೆಲಸ ಆಗುತ್ತದೆ. ಅದರ ಬದಲು ಲ್ಯಾಬ್‌ನ ಒಳ್ಳೆಯ ಡೆಸ್ಕ್‌ಟಾಪ್ ಒಂದನ್ನು ಸರ್ವರ್ ಮಾಡಿ. ಸರ್ವರ್ ಅಂದರೆ ಹೆದರಬೇಡಿ, ಮಾನಿಟರ್ ಕಿತ್ತು ಮೂಲೆಗೆ ಇಟ್ಟ ಕಂಪ್ಯೂಟರ್, ಅಷ್ಟೇ. ನಮ್ಮದು 32 ಜಿಬಿ ರ‍್ಯಾಮ್, 1 ಟಿಬಿ ಎಸ್ಎಸ್‌ಡಿ ಇರುವ ಸಾಮಾನ್ಯ ಡಬ್ಬ. ಏಳೆಂಟು ಜನಕ್ಕೆ ಸಾಕಾಗುತ್ತಿದೆ. 16 ಜಿಬಿಯಲ್ಲೂ ಶುರು ಮಾಡಬಹುದು.

ಅದರಲ್ಲಿ ಉಬುಂಟುವಿನ ಎಲ್‌ಟಿಎಸ್ ವರ್ಷನ್ ಹಾಕಿ. ಎಲ್‌ಟಿಎಸ್‌ಗೆ 5 ವರ್ಷ ಭದ್ರತೆಯ ಅಪ್‌ಡೇಟ್ ಬರುತ್ತದೆ, ನಡುನಡುವೆ ಬರುವ ಇತರ ವರ್ಷನ್‌ಗಳಿಗೆ 9 ತಿಂಗಳು ಮಾತ್ರ. ಆಮೇಲೆ ರೂಟರ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಈ ಕಂಪ್ಯೂಟರ್‌ಗೆ ಯಾವಾಗಲೂ ಒಂದೇ ಐಪಿ ವಿಳಾಸ ಸಿಗುವ ಹಾಗೆ ಮಾಡಿ. ಇದನ್ನು ಮರೆತರೆ ಕರೆಂಟ್ ಹೋಗಿ ಬಂದಾಗಲೆಲ್ಲ ವಿಳಾಸ ಬದಲಾಗಿ, ಸರ್ವರ್ ಸತ್ತಿದೆ ಅಂತ ಎಲ್ಲರೂ ನಿಮ್ಮ ಹತ್ತಿರ ಓಡಿ ಬರುತ್ತಾರೆ.

ಈಗ ಆರ್ ಪ್ರೋಗ್ರಾಂಗಳನ್ನು ಬ್ರೌಸರ್‌ನಲ್ಲೇ ಬರೆದು ಓಡಿಸಲು ಆರ್‌ಸ್ಟುಡಿಯೋ ಸರ್ವರ್ ಹಾಕಿ. ಇದರ ಉಚಿತ ವರ್ಷನ್ ಸಾಕು. ಇದು ಲಿನಕ್ಸ್ ಮೇಲೆ ಮಾತ್ರ ಓಡುತ್ತದೆ, ಆದರೆ ಬಳಸುವವರ ಹತ್ತಿರ ಏನಿದ್ದರೂ ನಡೆಯುತ್ತದೆ. ಬ್ರೌಸರ್‌ನಲ್ಲಿ ಸರ್ವರ್‌ನ ಐಪಿ ವಿಳಾಸ, ಒಂದು ಕೋಲನ್, 8787 ಅಂತ ಹಾಕಿದರೆ ಆರ್‌ಸ್ಟುಡಿಯೋ ತೆರೆದುಕೊಳ್ಳುತ್ತದೆ. ಮ್ಯಾಕ್‌ನಲ್ಲೂ ಅದೇ, ವಿಂಡೋಸ್‌ನಲ್ಲೂ ಅದೇ, ಒಬ್ಬ ಹುಡುಗ ಟ್ಯಾಬ್‌ನಲ್ಲೇ ಥೀಸಿಸ್ ಗ್ರಾಫ್ ತೆಗೆದಿದ್ದಾನೆ. ಪ್ರತಿಯೊಬ್ಬರಿಗೂ ಉಬುಂಟುವಿನಲ್ಲಿ ಅವರದೇ ಯೂಸರ್ ಮಾಡಿಕೊಡಿ, ಆ ಹೆಸರು ಪಾಸ್‌ವರ್ಡ್‌ನಿಂದಲೇ ಒಳಗೆ ಹೋಗಬಹುದು. ಎಲ್ಲರಿಗೂ ಸೇರಿ ಲ್ಯಾಬ್ ಅಂತ ಒಂದೇ ಯೂಸರ್ ಮಾತ್ರ ಬೇಡ. ನಾವು ಮೊದಲು ಹಾಗೇ ಮಾಡಿದ್ದೆವು, ಒಬ್ಬರು ಕೂತರೆ ಇನ್ನೊಬ್ಬರ ಸೆಷನ್ ಕಿತ್ತುಹೋಗುತ್ತಿತ್ತು.

ಹೀಗೇ ಬ್ರೌಸರ್‌ನಲ್ಲಿ ಪೈಥಾನ್ ಓಡಿಸಲು ದಿ ಲಿಟ್ಲೆಸ್ಟ್ ಜುಪಿಟರ್‌ಹಬ್ ಅಂತ ಒಂದಿದೆ. 100 ಜನರೊಳಗಿನ ಗುಂಪಿಗೆ, ಒಂದೇ ಕಂಪ್ಯೂಟರ್‌ನಲ್ಲಿ ಓಡಲಿ ಅಂತಲೇ ಮಾಡಿರುವುದು. ಒಂದು ಕಮಾಂಡ್‌ನಲ್ಲಿ ಇನ್‌ಸ್ಟಾಲ್ ಆಗುತ್ತದೆ. ಬೇರೆ ವೆಬ್‌ಸೈಟ್ ಏನೂ ಓಡದ ಹೊಸ ಉಬುಂಟುವಿನಲ್ಲೇ ಹಾಕಿ, ಯಾಕೆಂದರೆ ಅದು 80ನೇ ಪೋರ್ಟನ್ನು, ಅಂದರೆ ವೆಬ್‌ಸೈಟ್‌ಗಳು ಬಳಸುವ ಬಾಗಿಲನ್ನು, ತಾನೇ ಹಿಡಿದುಕೊಳ್ಳುತ್ತದೆ. ಆರ್‌ಸ್ಟುಡಿಯೋ 8787ರಲ್ಲಿ ಇರುವುದರಿಂದ ಎರಡೂ ಒಂದೇ ಡಬ್ಬದಲ್ಲಿ ಜಗಳ ಇಲ್ಲದೆ ಇರುತ್ತವೆ. ಅಡ್ಮಿನ್ ಒಂದು ಸಲ ಒಂದು ಪ್ಯಾಕೇಜ್ ಹಾಕಿದರೆ ಎಲ್ಲರಿಗೂ ಸಿಗುತ್ತದೆ, ಇದೇ ಇದರ ಚೆಂದ.

ಮರೆಯದೆ ಒಬ್ಬೊಬ್ಬರಿಗೆ ಇಷ್ಟೇ ರ‍್ಯಾಮ್ ಅಂತ ಮಿತಿ ಹಾಕಿ. ಜುಪಿಟರ್‌ಹಬ್‌ನಲ್ಲಿ ಇದಕ್ಕೆ ಸೆಟ್ಟಿಂಗ್ ಇದೆ. ನಾವು ಹಾಕಿರಲಿಲ್ಲ. ಡ್ರೋನ್ ಫೋಟೋಗಳನ್ನೆಲ್ಲ ಒಂದೇ ಸಲ ತೆರೆಯಲು ಹೋದ ಒಬ್ಬರ ಪ್ರೋಗ್ರಾಂ ಇಡೀ ಸರ್ವರನ್ನು ಮಲಗಿಸಿತು, ಜೊತೆಗೆ ಇನ್ನು 4 ಜನರ ಕೆಲಸವೂ ಹೋಯಿತು. ಆ ಮಧ್ಯಾಹ್ನ ಲ್ಯಾಬ್‌ನಲ್ಲಿ ಯಾರೂ ಯಾರ ಜೊತೆಯೂ ಮಾತಾಡಲಿಲ್ಲ.

ಇನ್ನು ಕರೆಂಟ್. ನಮ್ಮ ಕಡೆ ಜೂನ್ ಜುಲೈನಲ್ಲಿ ಗಾಳಿ ಮಳೆ ಶುರುವಾದರೆ ಕರೆಂಟ್ ಯಾವಾಗ ಹೋಗುತ್ತೆ, ಯಾವಾಗ ಬರುತ್ತೆ ಹೇಳೋಕಾಗಲ್ಲ. ಸರ್ವರ್‌ಗೂ ರೂಟರ್‌ಗೂ ಯುಪಿಎಸ್ ಬೇಕು. ರೂಟರ್ ಮರೆಯಬೇಡಿ, ಸರ್ವರ್ ಬದುಕಿದ್ದು ರೂಟರ್ ಆಫ್ ಆದರೆ ಏನು ಪ್ರಯೋಜನ. ಬಯೋಸ್‌ಗೆ, ಅಂದರೆ ಕಂಪ್ಯೂಟರ್ ಆನ್ ಆಗುವಾಗ ಸಿಗುವ ಮೂಲ ಸೆಟ್ಟಿಂಗ್ಸ್‌ಗೆ ಹೋಗಿ, ಕರೆಂಟ್ ವಾಪಸ್ ಬಂದ ಕೂಡಲೇ ತಾನಾಗಿ ಆನ್ ಆಗುವ ಆಯ್ಕೆ ಹುಡುಕಿ ಹಾಕಿಬಿಡಿ. ಗುಡುಗು ಸಿಡಿಲು ಜಾಸ್ತಿ ಇದ್ದ ದಿನ ಲ್ಯಾನ್ ಕೇಬಲ್ ಕೂಡ ಕಿತ್ತಿಡಿ, ಸಿಡಿಲು ಪವರ್ ಲೈನಿನಲ್ಲೇ ಬರಬೇಕು ಅಂತ ರೂಲ್ಸ್ ಏನಿಲ್ಲ.

ಅವರವರ ಲ್ಯಾಪ್‌ಟಾಪ್‌ಗೆ ಅಳತೆ ಚೀಟಿ

ಸರ್ವರ್ ಇದ್ದರೂ ಮನೆಗೆ ಹೋದಾಗ, ಫೀಲ್ಡ್‌ಗೆ ಹೋದಾಗ ಸ್ವಂತ ಲ್ಯಾಪ್‌ಟಾಪ್ ಬೇಕಲ್ವಾ. ಇಲ್ಲಿ ಎಲ್ಲರೂ ಮಾಡುವ ತಪ್ಪು ಏನೆಂದರೆ ಒಬ್ಬರ ಇನ್‌ಸ್ಟಾಲ್ ಆದ ಫೋಲ್ಡರನ್ನೇ ಪೆನ್‌ಡ್ರೈವ್‌ಗೆ ಹಾಕಿ ಇನ್ನೊಬ್ಬರಿಗೆ ಕೊಡುವುದು. ವಿಂಡೋಸ್‌ಗೆ ಕಟ್ಟಿದ ಪ್ಯಾಕೇಜ್ ಮ್ಯಾಕ್‌ನಲ್ಲಿ ಓಡಲ್ಲ. ಮಾಡಿದ ಅಡುಗೆ ಕೊಡಬೇಡಿ, ಅಳತೆ ಬರೆದ ಚೀಟಿ ಕೊಡಿ. ಅವರವರ ಕಂಪ್ಯೂಟರ್ ಅದನ್ನು ಓದಿ ತನಗೆ ಬೇಕಾದ ಹಾಗೆ ಕಟ್ಟಿಕೊಳ್ಳುತ್ತದೆ.

ಪೈಥಾನ್‌ನಲ್ಲಿ ಈ ಚೀಟಿ ಅಂದರೆ ಕೊಂಡಾದ ಎನ್ವಿರಾನ್ಮೆಂಟ್ ಫೈಲ್. ಕೊಂಡಾ ಅಂದರೆ ಪ್ಯಾಕೇಜ್‌ಗಳನ್ನು ತಂದು ಹಾಕುವ ಪ್ರೋಗ್ರಾಂ, ಎನ್ವಿರಾನ್ಮೆಂಟ್ ಅಂದರೆ ಒಂದು ಕೆಲಸಕ್ಕೆ ಬೇಕಾದ ಪ್ಯಾಕೇಜ್‌ಗಳ ಬೇರೆ ಗೂಡು. ಕೊಂಡಾ ಬೇಕು ಅಂದರೆ ಮೊದಲು ಎಲ್ಲರೂ ಮಿನಿಫೋರ್ಜ್ ಹಾಕಿಕೊಳ್ಳಿ. ಕೊಂಡಾ ಕೊಡುವ ಅನಕೊಂಡಾ ಕಂಪನಿಯ ಡಿಫಾಲ್ಟ್ ಚಾನೆಲ್‌ಗೆ, ಅಂದರೆ ಪ್ಯಾಕೇಜ್‌ಗಳ ಉಗ್ರಾಣಕ್ಕೆ, 2020ರಿಂದ ದೊಡ್ಡ ಸಂಸ್ಥೆಗಳು ದುಡ್ಡು ಕೊಡಬೇಕು ಅನ್ನೋ ಷರತ್ತು ಇದೆ. ಮಿನಿಫೋರ್ಜ್ ಸಮುದಾಯದವರೇ ನಡೆಸುವ ಕೊಂಡಾ ಫೋರ್ಜ್ ಚಾನೆಲ್‌ನಿಂದ ತರುತ್ತದೆ, ಆ ಗೊಡವೆ ಇಲ್ಲ. ವಿಂಡೋಸ್‌ನಲ್ಲಿ ಹಾಕುವಾಗ ನಡುವೆ ಖಾಲಿ ಜಾಗ ಇರುವ ಹೆಸರಿನ ಫೋಲ್ಡರ್‌ಗೆ ಹಾಕಬೇಡಿ. ಯೂಸರ್ ಹೆಸರಲ್ಲೇ ಖಾಲಿ ಜಾಗ ಇದ್ದರೆ ಸೀದಾ ಸಿ ಡ್ರೈವ್‌ನಲ್ಲಿ ಒಂದು ಸಣ್ಣ ಹೆಸರಿನ ಫೋಲ್ಡರ್ ಮಾಡಿಕೊಂಡು ಅಲ್ಲಿ ಹಾಕಿ.

ಚೀಟಿ ಮಾಡಲು ಕೊಂಡಾ ಎನ್ವ್ ಎಕ್ಸ್‌ಪೋರ್ಟ್ ಅಂತ ಕಮಾಂಡ್ ಇದೆ. ಸುಮ್ನೆ ಅದನ್ನು ಓಡಿಸಿದರೆ ನಿಮ್ಮ ಆಪರೇಟಿಂಗ್ ಸಿಸ್ಟಂಗೆ ಮಾತ್ರ ಸೇರಿದ ನೂರಾರು ಸಾಲು ಬಂದು ಬೀಳುತ್ತವೆ, ಆ ಫೈಲ್ ಬೇರೆ ಕಡೆ ನಡೆಯೋದೇ ಇಲ್ಲ. ಕೊನೆಗೆ ಎರಡು ಹೈಫನ್ ಹಾಕಿ ಫ್ರಮ್ ಹೈಫನ್ ಹಿಸ್ಟರಿ ಅಂತ ಸೇರಿಸಿದರೆ ನೀವಾಗಿ ಕೇಳಿ ಹಾಕಿಸಿಕೊಂಡಿದ್ದು ಮಾತ್ರ ಬರುತ್ತದೆ. ಆದರೆ ಹಾಕುವಾಗ ನೀವು ವರ್ಷನ್ ಹೇಳಿರದಿದ್ದರೆ ಚೀಟಿಯಲ್ಲೂ ವರ್ಷನ್ ಇರುವುದಿಲ್ಲ, ಮತ್ತೆ ತೋಟದ ಕಥೆಯೇ. ಹಾಗಾಗಿ ನಾನು ಈ ಫೈಲನ್ನು ಕೈಯಲ್ಲೇ ಬರೆಯುತ್ತೇನೆ. ಪೈಥಾನ್, ನಂಪೈ, ಪಾಂಡಾಸ್, ಹೀಗೆ ಹತ್ತು ಹನ್ನೆರಡು ಹೆಸರು, ಪ್ರತಿಯೊಂದರ ಮುಂದೆ ವರ್ಷನ್ ನಂಬರ್. ಇದಕ್ಕಿಂತ ಬಿಗಿಯಾಗಿ, ಒಳಗಿನ ಪ್ರತಿ ಸಣ್ಣ ತುಂಡಿನ ಸಮೇತ ಮೂರೂ ಸಿಸ್ಟಂಗೆ ಬೀಗ ಹಾಕಬೇಕು ಅಂದರೆ ಪಿಕ್ಸಿ ಅಥವಾ ಕೊಂಡಾ ಲಾಕ್ ನೋಡಿ. ಪೇಪರ್ ಬರೆಯುವ ಹಂತಕ್ಕೆ ಬಂದ ಪ್ರಾಜೆಕ್ಟ್‌ಗೆ ನಾವು ಪಿಕ್ಸಿ ಬಳಸುತ್ತೇವೆ, ದಿನದ ಕೆಲಸಕ್ಕೆ ಕೈಬರಹದ ಚೀಟಿ ಸಾಕು.

ಹೊಸ ಮ್ಯಾಕ್‌ನವರಿಗೆ ಒಂದು ತೊಡಕು ಬರಬಹುದು. ಕೆಲವು ಹಳೇ ಪ್ಯಾಕೇಜ್‌ಗಳು ಇಂಟೆಲ್ ಮ್ಯಾಕ್‌ಗೆ ಮಾತ್ರ ಕಟ್ಟಿದವು. ಆಗ ಆ ಒಂದು ಎನ್ವಿರಾನ್ಮೆಂಟನ್ನು ಇಂಟೆಲ್ ಬಗೆಯದು ಅಂತ ಹೇಳಿ ಕಟ್ಟಿಸಿ, ಇಂಟೆಲ್ ಪ್ರೋಗ್ರಾಂಗಳನ್ನು ಹೊಸ ಚಿಪ್ಪಿನಲ್ಲಿ ಓಡಿಸುವ ಆಪಲ್‌ನ ರೊಸೆಟ್ಟಾ ಮೂಲಕ ಓಡುತ್ತದೆ. ಸ್ವಲ್ಪ ನಿಧಾನ, ಆದರೂ ಓಡುತ್ತದೆ.

ಆರ್‌ಗೆ ಇದೇ ಕೆಲಸ ಮಾಡುವುದು ಆರ್‌ಎನ್ವ್ ಅನ್ನೋ ಪ್ಯಾಕೇಜ್. ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಒಂದು ಸಲ ಇನಿಟ್, ಪ್ಯಾಕೇಜ್ ಬದಲಾದಾಗ ಸ್ನ್ಯಾಪ್‌ಶಾಟ್, ಇನ್ನೊಬ್ಬರ ಕಂಪ್ಯೂಟರ್‌ನಲ್ಲಿ ರಿಸ್ಟೋರ್. ಮೂರೇ ಮಾತು. ಆದರೆ ಇದು ಆರ್‌ನ ವರ್ಷನ್ ಯಾವುದು ಅಂತ ಬರೆದಿಡುತ್ತದೆ, ಆ ಆರನ್ನು ತಾನೇ ತಂದು ಹಾಕುವುದಿಲ್ಲ. ನಮ್ಮ ಪಟ್ಟಿ ಎಡವಟ್ಟಾಗಿದ್ದು ಸರಿಯಾಗಿ ಈ ಜಾಗದಲ್ಲೇ. ಅದಕ್ಕೆ ರಿಗ್ ಅಂತ ಇನ್ನೊಂದು ಸಣ್ಣ ಪ್ರೋಗ್ರಾಂ ಇದೆ, ಮೂರೂ ಸಿಸ್ಟಂನಲ್ಲಿ ಓಡುತ್ತದೆ, ಬೇಕಾದ ಆರ್ ವರ್ಷನ್ ಹಾಕಿಕೊಂಡು ಒಂದರಿಂದ ಒಂದಕ್ಕೆ ಬದಲಾಯಿಸಬಹುದು.

ಆರ್ ಪ್ಯಾಕೇಜ್‌ಗಳನ್ನು ಅವುಗಳ ಮುಖ್ಯ ಉಗ್ರಾಣವಾದ ಕ್ರಾನ್ ವಿಂಡೋಸ್‌ಗೂ ಮ್ಯಾಕ್‌ಗೂ ಸಿದ್ಧ ಮಾಡಿ ಕೊಡುತ್ತದೆ, ಲಿನಕ್ಸ್‌ಗೆ ಮಾತ್ರ ಮೂಲ ಕೋಡ್ ಕೊಡುತ್ತದೆ. ನಕ್ಷೆ ಕೆಲಸದ ಎಸ್ಎಫ್ ಪ್ಯಾಕೇಜ್ ವಿಂಡೋಸ್‌ನಲ್ಲಿ ಒಂದು ನಿಮಿಷದಲ್ಲಿ ಕೂತರೆ, ಉಬುಂಟುವಿನಲ್ಲಿ ಜಿಡಾಲ್, ಜಿಯೋಸ್, ಪ್ರೋಜ್ ಅನ್ನೋ ಲೈಬ್ರರಿಗಳು ಇಲ್ಲ ಅಂತ ನಿಂತುಬಿಡುತ್ತದೆ. ಮೊದಲು ಅವನ್ನು ಉಬುಂಟುವಿನ ಇನ್‌ಸ್ಟಾಲ್ ಕಮಾಂಡ್ ಆದ ಆಪ್ಟ್‌ನಿಂದ ಹಾಕಿ. ಆರ್‌ಸ್ಟುಡಿಯೋ ಮಾಡುವ ಪೋಸಿಟ್‌ನವರ ಪಬ್ಲಿಕ್ ಪ್ಯಾಕೇಜ್ ಮ್ಯಾನೇಜರ್‌ನಲ್ಲಿ ಲಿನಕ್ಸ್‌ಗೂ ಸಿದ್ಧವಾದವು ಸಿಗುತ್ತವೆ, ಅದನ್ನು ಸರ್ವರ್‌ನಲ್ಲಿ ಡಿಫಾಲ್ಟ್ ಮಾಡಿಟ್ಟರೆ ಗಂಟೆಗಟ್ಟಲೆ ಕಾಯುವುದು ತಪ್ಪುತ್ತದೆ.

ಫೀಜಿ ಬಗ್ಗೆ ಒಂದು ಒಳ್ಳೆ ಮಾತು ಹೇಳಲೇಬೇಕು. ಎಲೆ ಫೋಟೋದಲ್ಲಿ ತುಕ್ಕು ಹಿಡಿದ ಜಾಗ ಅಳೆಯಲು ನಾವು ಬಳಸುವುದು ಇದನ್ನೇ. ಇನ್‌ಸ್ಟಾಲ್ ಅನ್ನೋದೇ ಇಲ್ಲ, ಫೋಲ್ಡರ್ ಬಿಚ್ಚಿ ಓಡಿಸಿದರೆ ಮುಗಿಯಿತು. ನಮ್ಮ ಶೇರ್‌ನಲ್ಲಿ, ಅಂದರೆ ಸರ್ವರ್‌ನಲ್ಲಿ ಎಲ್ಲರಿಗೂ ಕಾಣುವ ಫೋಲ್ಡರ್‌ನಲ್ಲಿ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರದ್ದೂ ಫೋಲ್ಡರ್ ಇಟ್ಟಿದ್ದೇವೆ, ಬೇಕಾದವರು ತಮ್ಮ ಕಂಪ್ಯೂಟರ್‌ಗೆ ನಕಲು ಮಾಡಿಕೊಳ್ಳುತ್ತಾರೆ. ಎಲ್ಲ ಸಾಫ್ಟ್‌ವೇರೂ ಹೀಗಿದ್ದಿದ್ದರೆ ನಾನು ಇಷ್ಟುದ್ದ ಬರೆಯುತ್ತಲೇ ಇರಲಿಲ್ಲ.

ಲಿನಕ್ಸ್‌ನದ್ದು ವಿಂಡೋಸ್‌ನಲ್ಲೇ ಬೇಕು ಅಂದರೆ

ಬಯೋಕೊಂಡಾ ಚಾನೆಲ್‌ನ ಡಿಎನ್ಎ ಕೆಲಸದ ಪ್ಯಾಕೇಜ್‌ಗಳು ವಿಂಡೋಸ್‌ಗೆ ಇಲ್ಲ. ಇಂಥದ್ದಕ್ಕೆ ಡಬ್ಲ್ಯುಎಸ್ಎಲ್ ಹಾಕಿ. ಪವರ್‌ಶೆಲ್ ಅನ್ನು ಅಡ್ಮಿನ್ ಆಗಿ ತೆರೆದು ಡಬ್ಲ್ಯುಎಸ್ಎಲ್, ಒಂದು ಖಾಲಿ ಜಾಗ, ಎರಡು ಹೈಫನ್, ಇನ್‌ಸ್ಟಾಲ್ ಅಂತ ಕೊಟ್ಟು ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಒಳಗೇ ಉಬುಂಟು ಬಂದು ಕೂರುತ್ತದೆ. ಬರದಿದ್ದರೆ ಬಯೋಸ್‌ನಲ್ಲಿ ವರ್ಚುಯಲೈಸೇಶನ್ ಆಫ್ ಇರಬಹುದು, ಆನ್ ಮಾಡಿ. ಫೈಲ್‌ಗಳನ್ನು ಸಿ ಡ್ರೈವ್‌ನಲ್ಲಿಟ್ಟು ಡಬ್ಲ್ಯುಎಸ್ಎಲ್‌ನಿಂದ ಓದಿಸಬೇಡಿ, ತುಂಬಾ ನಿಧಾನ ಆಗುತ್ತದೆ. ಉಬುಂಟುವಿನ ಹೋಮ್ ಫೋಲ್ಡರ್‌ನಲ್ಲೇ ಇಡಿ. ಇದು ಕಂಪ್ಯೂಟರ್‌ನ ಅರ್ಧ ರ‍್ಯಾಮ್‌ವರೆಗೆ ತಿನ್ನಬಹುದು, 8 ಜಿಬಿ ಲ್ಯಾಪ್‌ಟಾಪ್‌ನವರು ಕ್ರೋಮ್‌ನ 40 ಟ್ಯಾಬ್ ಮುಚ್ಚಿ ಶುರು ಮಾಡಿ.

ಡಾಕರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಸಾಫ್ಟ್‌ವೇರನ್ನು ಅದರ ಸಂಸಾರ ಸಮೇತ ಒಂದು ಡಬ್ಬಿಯಲ್ಲಿ ಕಟ್ಟಿ ಕೊಡುವುದು ಅದರ ಕೆಲಸ. ನಿಜವಾಗಿಯೂ ಒಳ್ಳೆಯದು. ಆದರೆ ಏಳೆಂಟು ಜನರ ಲ್ಯಾಬ್‌ನಲ್ಲಿ ಎಲ್ಲರಿಗೂ ಡಾಕರ್ ಕಲಿಸುವ ಹೊತ್ತಿಗೆ ಪಿಎಚ್‌ಡಿ ಅವಧಿ ಮುಗಿದಿರುತ್ತದೆ. ಯಾವ ರೀತಿಯಲ್ಲೂ ಇನ್‌ಸ್ಟಾಲ್ ಆಗದೆ ಸತಾಯಿಸುವ ಒಂದೆರಡು ಸಾಫ್ಟ್‌ವೇರ್‌ಗೆ ಮಾತ್ರ ಇಟ್ಟುಕೊಳ್ಳಿ. ಇಂಟೆಲ್‌ಗೆ ಕಟ್ಟಿದ ಡಬ್ಬಿ ಹೊಸ ಮ್ಯಾಕ್‌ನಲ್ಲಿ ಕುಂಟುತ್ತದೆ ಅನ್ನೋದು ನೆನಪಿರಲಿ. ಬೇರೆ ಸಂಸ್ಥೆಯ ದೊಡ್ಡ ಕ್ಲಸ್ಟರ್ (ಒಟ್ಟಿಗೆ ಜೋಡಿಸಿದ ಕಂಪ್ಯೂಟರ್‌ಗಳ ಗುಂಪು) ಬಳಸುವವರಿಗೆ ಅಲ್ಲಿ ಡಾಕರ್ ಬದಲು ಆಪ್‌ಟೈನರ್ ಸಿಗಬಹುದು, ಮೊದಲು ಸಿಂಗ್ಯುಲಾರಿಟಿ ಅಂತಿದ್ದಿದ್ದು 2021ರಲ್ಲಿ ಈ ಹೆಸರು ಪಡೆಯಿತು. ಡಾಕರ್ ಡಬ್ಬಿಯನ್ನು ಅದೂ ಬಿಚ್ಚಿಕೊಳ್ಳುತ್ತದೆ.

ಡೇಟಾ: ನಿಜವಾದ ಜಗಳ ಇರೋದು ಇಲ್ಲಿ

ಸಾಫ್ಟ್‌ವೇರ್ ಒಂದೇ ಆದರೂ ಅದು ಓದುವ ಫೈಲ್ ಒಂದೊಂದು ಕಡೆ ಒಂದೊಂದು ಥರ ಇದ್ದರೆ ಮತ್ತೆ ಅದೇ ಗೋಳು. ಸರ್ವರ್‌ನಲ್ಲಿ ಸಾಂಬಾ ಹಾಕಿ. ಸಾಂಬಾರ್ ಅಲ್ಲ, ಸಾಂಬಾ. ಇದರಿಂದ ಸರ್ವರ್‌ನ ಒಂದು ಫೋಲ್ಡರ್ ಮೂರೂ ಸಿಸ್ಟಂಗೆ ಕಾಣುತ್ತದೆ. ನಮ್ಮಲ್ಲಿ ಎರಡು ಫೋಲ್ಡರ್. ಒಂದು ಮೂಲ ಡೇಟಾ, ಅದು ಓದಲಿಕ್ಕೆ ಮಾತ್ರ, ಬರೆಯುವ ಅಧಿಕಾರ ಇಬ್ಬರಿಗಷ್ಟೇ. ಇನ್ನೊಂದು ಕೆಲಸದ ಫೋಲ್ಡರ್, ಅದು ಎಲ್ಲರಿಗೂ. ಪ್ರತಿಯೊಬ್ಬರಿಗೂ ಪಾಸ್‌ವರ್ಡ್ ಕೊಡಿ. ಫೋಲ್ಡರ್ ಹಂಚುವ ಹಳೇ ಎಸ್ಎಂಬಿ 1 ಬಗೆಯನ್ನು ಯಾರಾದರೂ ಆನ್ ಮಾಡು ಅಂದರೆ ಒಪ್ಪಬೇಡಿ, 2017ರ ಮೇ ತಿಂಗಳಲ್ಲಿ ವನ್ನಾಕ್ರೈ ವೈರಸ್ ಜಗತ್ತೆಲ್ಲ ಹರಡಿದ್ದು ಆ ಕಿಂಡಿಯಿಂದಲೇ.

ಕ್ಯೂಜಿಐಎಸ್‌ನ ಜಿಯೋಪ್ಯಾಕೇಜ್ ಫೈಲನ್ನು ಮಾತ್ರ ಶೇರ್‌ನಿಂದ ನೇರವಾಗಿ ಇಬ್ಬರು ತೆರೆಯಬೇಡಿ. ಅದರೊಳಗಿರುವುದು ಎಸ್‌ಕ್ಯೂಲೈಟ್ ಡೇಟಾಬೇಸ್, ನೆಟ್‌ವರ್ಕ್ ಮೇಲೆ ಅದಕ್ಕೆ ಬೀಗ ಸರಿಯಾಗಿ ಬೀಳುವುದಿಲ್ಲ. ನಮ್ಮ ಒಂದು ತೋಟದ ನಕ್ಷೆ ಹೀಗೇ ಕೆಟ್ಟಿತು. ನಕಲು ಮಾಡಿಕೊಂಡು ಕೆಲಸ ಮಾಡಿ, ಮುಗಿದ ಮೇಲೆ ವಾಪಸ್ ಇಡಿ.

ಫೈಲ್ ಹೆಸರಿನ ವಿಚಾರಕ್ಕೆ ಬರೋಣ. ಲಿನಕ್ಸ್‌ಗೆ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ, ವಿಂಡೋಸ್‌ಗೂ ಸಾಮಾನ್ಯ ಮ್ಯಾಕ್‌ಗೂ ಒಂದೇ. ವಿಂಡೋಸ್‌ನಲ್ಲಿ ಹೆಸರಿನೊಳಗೆ ಕೋಲನ್, ಪ್ರಶ್ನಾರ್ಥಕ ಚಿಹ್ನೆ ನಡೆಯಲ್ಲ, ಕಾನ್, ಆಕ್ಸ್, ನಲ್ ಅನ್ನೋ ಹೆಸರುಗಳಂತೂ ಅದರ ಸ್ವಂತ ಆಸ್ತಿ. ಫೋಲ್ಡರ್ ಒಳಗೆ ಫೋಲ್ಡರ್ ಮಾಡುತ್ತಾ ಹೋದರೆ ಪೂರ್ತಿ ದಾರಿ 260 ಅಕ್ಷರ ದಾಟಿದಾಗ ಹಲವು ವಿಂಡೋಸ್ ಪ್ರೋಗ್ರಾಂಗಳು ಕೈ ಎತ್ತುತ್ತವೆ. ಎಲ್ಲ ಸಣ್ಣಕ್ಷರ, ಖಾಲಿ ಜಾಗದ ಬದಲು ಅಂಡರ್‌ಸ್ಕೋರ್, ತಾರೀಕು ವರ್ಷ ತಿಂಗಳು ದಿನದ ಕ್ರಮದಲ್ಲಿ. ಇಷ್ಟು ಪಾಲಿಸಿದರೆ ಸಾಕು.

ಹೇಳೋಕೆ ಬೇಜಾರು, ಆದರೂ ಹೇಳುತ್ತೇನೆ, ಫೈಲ್ ಹೆಸರಿಗೆ ಕನ್ನಡ ಬಳಸಬೇಡಿ. ಪ್ರೀತಿ ಕಡಿಮೆ ಅಂತಲ್ಲ. "ಕೊ" ಅನ್ನೋದರ ಒ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಇಡಬಹುದು. ಇಡೀ ಚಿಹ್ನೆ ಒಂದೇ ಸಂಕೇತವಾಗಿ, ಇಲ್ಲವೇ ಎ ಚಿಹ್ನೆ ಮತ್ತು ಊ ಚಿಹ್ನೆ ಬೇರೆ ಬೇರೆ ಮಾಡಿ. ಮ್ಯಾಕ್‌ನ ಹಳೇ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಬಿಡಿಸಿ ಇಡುತ್ತದೆ, ವಿಂಡೋಸ್‌ನಲ್ಲಿ ಟೈಪ್ ಮಾಡಿದ್ದು ಸಾಮಾನ್ಯವಾಗಿ ಕೂಡಿಯೇ ಇರುತ್ತದೆ. ಕಣ್ಣಿಗೆ ಎರಡೂ "ಕೊಡ್ಲಿಪೇಟೆ" ಅಂತಲೇ ಕಾಣುತ್ತವೆ, ಪ್ರೋಗ್ರಾಂ ಮಾತ್ರ ಆ ಹೆಸರಿನ ಫೈಲ್ ಇಲ್ಲ ಅನ್ನುತ್ತದೆ. ಅರ್ಧ ದಿನ ಕಣ್ಣು ಕೆಂಪಗಾಗುವವರೆಗೆ ನೋಡಿದ್ದೇನೆ.

ಫೈಲ್ ಒಳಗೆ ಕನ್ನಡ ಧಾರಾಳವಾಗಿ ಇರಲಿ, ಆದರೆ ಯೂನಿಕೋಡ್‌ನಲ್ಲಿ. ತೋಟಗಳಿಂದ ಬರುವ ಎಕ್ಸೆಲ್ ಶೀಟ್‌ಗಳಲ್ಲಿ ಹಳೇ ನುಡಿ ಫಾಂಟ್‌ನ ಬರಹ ಇನ್ನೂ ಬರುತ್ತದೆ. ಅದು ಅಕ್ಷರದ ವೇಷ ಅಷ್ಟೇ, ಒಳಗಿರುವುದು ಇಂಗ್ಲಿಷ್ ಮತ್ತು ಲ್ಯಾಟಿನ್ ಅಕ್ಷರ. ನುಡಿ ಫಾಂಟ್ ಇಲ್ಲದ ಲಿನಕ್ಸ್‌ನಲ್ಲಿ ತೆರೆದರೆ ಅರ್ಥವಿಲ್ಲದ ಗೀಚು. ಬಂದ ದಿನವೇ ಯೂನಿಕೋಡ್‌ಗೆ ಪರಿವರ್ತಿಸಿ, ಒಂದು ಸಲ ಕಣ್ಣಾಡಿಸಿ, ಒತ್ತಕ್ಷರ ಮತ್ತು ಅರ್ಕಾವೊತ್ತು ತಪ್ಪಿರುವ ಸಾಧ್ಯತೆ ಜಾಸ್ತಿ. ಎಕ್ಸೆಲ್‌ನಿಂದ ಸಿಎಸ್‌ವಿ (ಕಾಲಂಗಳ ನಡುವೆ ಕಾಮಾ ಹಾಕಿದ ಸಾದಾ ಫೈಲ್) ಮಾಡುವಾಗ ಸಿಎಸ್‌ವಿ ಯುಟಿಎಫ್-8 ಅನ್ನೋದನ್ನೇ ಆರಿಸಿ. ಬರೀ ಸಿಎಸ್‌ವಿ ಅಂತ ಸೇವ್ ಮಾಡಿದರೆ ಕನ್ನಡ ಅಕ್ಷರವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗಿ ಹೋಗುತ್ತದೆ, ಆ ಫೈಲ್‌ನಿಂದ ಅದು ವಾಪಸ್ ಬರಲ್ಲ.

ಎಕ್ಸೆಲ್‌ನ ತಾರೀಕನ್ನೂ ನಂಬಬೇಡಿ. ವಿಂಡೋಸ್ ಎಕ್ಸೆಲ್ 1900ರಿಂದ ದಿನ ಎಣಿಸಿದರೆ ಹಳೇ ಮ್ಯಾಕ್ ಎಕ್ಸೆಲ್ 1904ರಿಂದ ಎಣಿಸುತ್ತಿತ್ತು. ಒಂದರಿಂದ ಇನ್ನೊಂದಕ್ಕೆ ಅಂಟಿಸಿದರೆ 1462 ದಿನ ಹೆಚ್ಚು ಕಮ್ಮಿ. ಎಕ್ಸೆಲ್ ಕೆಲವು ಜೀನ್ ಹೆಸರುಗಳನ್ನು ಮಾರ್ಚ್, ಸೆಪ್ಟೆಂಬರ್ ಅಂತ ತಾರೀಕು ಮಾಡುವ ಕಾಟ ತಾಳಲಾರದೆ 2020ರಲ್ಲಿ ಆ ಜೀನ್‌ಗಳ ಹೆಸರನ್ನೇ ಬದಲಾಯಿಸಿದರು. ಆಗ ಎಕ್ಸೆಲ್ ಬದಲಾಗಲಿಲ್ಲ, ಜೀನ್ ಹೆಸರು ಬದಲಾಯಿತು!

ಇದು ನಮ್ಮ ಮಲೆನಾಡಿಗೇ ಸೇರಿದ ಮಾತು: ತೋಟದವರು ಮಳೆಯನ್ನು ಇಂಚು, ಸೆಂಟ್‌ನಲ್ಲಿ (ಇಂಚಿನ ನೂರರಲ್ಲಿ ಒಂದು ಪಾಲು) ಬರೆಯುತ್ತಾರೆ, ನಮ್ಮ ಪ್ರೋಗ್ರಾಂಗೆ ಮಿಲಿಮೀಟರ್ ಬೇಕು. 1 ಇಂಚಿಗೆ 25.4 ಮಿಲಿಮೀಟರ್. ಕಾಲಂ ಹೆಸರಲ್ಲೇ ಅಳತೆ ಬರೆಯಿರಿ.

ಪ್ರೋಗ್ರಾಂ ಫೈಲ್‌ಗಳಿಗೆ ಗಿಟ್

ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಎರಡು ಕಾಣದ ಗುರುತು ಹಾಕುತ್ತದೆ, ಲಿನಕ್ಸ್ ಮತ್ತು ಮ್ಯಾಕ್ ಒಂದೇ. ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಬರೆದ ಶೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಸಾಲಾಗಿ ಬರೆದ ಫೈಲ್) ಸರ್ವರ್‌ನಲ್ಲಿ ಓಡದೆ ವಿಚಿತ್ರವಾದ ದೂರು ಹೇಳಿದರೆ ಮೊದಲು ಇದನ್ನೇ ನೋಡಿ. ಫೈಲ್‌ಗಳ ಪ್ರತಿ ಬದಲಾವಣೆಯನ್ನು ನೆನಪಿಡುವ ಗಿಟ್ ಬಳಸಿ, ಪ್ರಾಜೆಕ್ಟ್‌ನಲ್ಲಿ ಗಿಟ್ ಆಟ್ರಿಬ್ಯೂಟ್ಸ್ ಫೈಲ್ ಇಟ್ಟು ಶೆಲ್ ಸ್ಕ್ರಿಪ್ಟ್‌ಗಳಿಗೆ ಯಾವಾಗಲೂ ಲಿನಕ್ಸ್ ಬಗೆಯ ಸಾಲು ಅಂತ ಬರೆದಿಡಿ. ಪ್ರೋಗ್ರಾಂ ಒಳಗೆ ಸಿ ಡ್ರೈವ್, ಡಿ ಡ್ರೈವ್ ಅಂತ ಪೂರ್ತಿ ವಿಳಾಸ ಬರೆದವರಿಗೆ ನಮ್ಮ ಲ್ಯಾಬ್‌ನಲ್ಲಿ ಎಲ್ಲರಿಗೂ ಕಾಫಿ ಕೊಡಿಸುವ ದಂಡ ಇದೆ.

ಉಪಕರಣದ ಜೊತೆಗಿರುವ ಹಳೇ ವಿಂಡೋಸ್

ಇದನ್ನು ಅಪ್‌ಡೇಟ್ ಮಾಡಲು ಹೋಗಬೇಡಿ, ಉಪಕರಣ ಮಾತಾಡುವುದು ನಿಂತರೆ ರಿಪೇರಿಯವರು ದೂರದಿಂದ ಬರಬೇಕು. ಇಂಟರ್‌ನೆಟ್ ಕೇಬಲ್ ಕೀಳಿ. ಡೇಟಾ ತೆಗೆಯಲು ಒಂದೇ ಪೆನ್‌ಡ್ರೈವ್ ಮೀಸಲಿಡಿ, ಅದು ಜೆರಾಕ್ಸ್ ಅಂಗಡಿಯ ಮುಖ ನೋಡಬಾರದು. ಫ್ಯಾಟ್32 ಪೆನ್‌ಡ್ರೈವ್‌ನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರಲ್ಲ, ಎಕ್ಸ್‌ಫ್ಯಾಟ್ ಆದರೆ ಮೂರು ಕಡೆಯೂ ನಡೆಯುತ್ತದೆ. ಪೆನ್‌ಡ್ರೈವನ್ನು ಮೊದಲು ಉಬುಂಟುವಿನಲ್ಲಿ ತೆರೆಯಿರಿ. ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿದ್ದರೆ ವೈರಸ್ ಅಂತ ಅಲ್ಲೇ ಗೊತ್ತಾಗುತ್ತದೆ.

ಲೈಸೆನ್ಸ್ ಇರುವ ಸಾಫ್ಟ್‌ವೇರ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಒಂದು ಕೀ ತಗೊಂಡು ಎಲ್ಲ ಕಡೆ ಹಾಕಬೇಡಿ. ಎಷ್ಟು ಕಂಪ್ಯೂಟರ್‌ಗೆ ಅಂತ ಷರತ್ತು ಓದಿ, ಆ ಕಂಪ್ಯೂಟರ್‌ಗೆ ಗೋಡೆ ಮೇಲೆ ಸರದಿ ಪಟ್ಟಿ ಅಂಟಿಸಿ. ದುಡ್ಡು ಕೊಟ್ಟು ತಗೊಳ್ಳುವ ಲೆಕ್ಕದ ಸಾಫ್ಟ್‌ವೇರ್ ಮ್ಯಾಟ್‌ಲ್ಯಾಬ್‌ನ ಸರಳ ಪ್ರೋಗ್ರಾಂಗಳು ಬಹಳಷ್ಟು ಸಲ ಉಚಿತವಾದ ಆಕ್ಟೇವ್‌ನಲ್ಲೇ ಓಡುತ್ತವೆ, ಒಮ್ಮೆ ಓಡಿಸಿ ನೋಡಿ.

ಹೊಸ ವಿದ್ಯಾರ್ಥಿಗಳು ಒಟ್ಟಿಗೆ ಸೇರಿದಾಗ ಎಲ್ಲರೂ ಒಂದೇ ಸಲ ಡೌನ್‌ಲೋಡ್ ಮಾಡಲು ಕೂತರೆ ಇಂಟರ್‌ನೆಟ್ ಕುಸಿಯುತ್ತದೆ. ಮಿನಿಫೋರ್ಜ್, ಆರ್, ಕ್ಯೂಜಿಐಎಸ್‌ನ ಇನ್‌ಸ್ಟಾಲರ್‌ಗಳನ್ನು ಮೂರೂ ಸಿಸ್ಟಂಗೆ ಮೊದಲೇ ತಂದು ಶೇರ್‌ನಲ್ಲಿ ಇಡಿ. ಉಬುಂಟುಗಳಿಗೆ ಆಪ್ಟ್ ಕ್ಯಾಶರ್ ಎನ್‌ಜಿ ಹಾಕಿದರೆ ಒಬ್ಬರು ಇಳಿಸಿದ್ದು ಮಿಕ್ಕವರಿಗೆ ಸರ್ವರ್‌ನಿಂದಲೇ ಸಿಗುತ್ತದೆ.

ಎಲ್ಲ ಕಡೆ ಒಂದೇ ಉತ್ತರ ಬರುತ್ತಾ?

ಕಟ್ಟಿದ ಮೇಲೆ ಪರೀಕ್ಷೆ ಮಾಡದಿದ್ದರೆ ಕಟ್ಟಿದ್ದು ದಂಡ. ನಮ್ಮಲ್ಲಿ ಒಂದು ಪುಟದ ಸ್ಕ್ರಿಪ್ಟ್ ಇದೆ. ಅದು ಆರ್ ವರ್ಷನ್ ತೋರಿಸುತ್ತದೆ, ಸೀಡ್ 123 ಕೊಟ್ಟು 120ರಲ್ಲಿ 30 ನಂಬರ್ ಎತ್ತುತ್ತದೆ, ದೊಡ್ಡಕ್ಷರ ಸಣ್ಣಕ್ಷರ ಬೆರೆತ ಹತ್ತು ಹೆಸರನ್ನು ವಿಂಗಡಿಸುತ್ತದೆ, ಒಂದು ಕನ್ನಡ ಸಾಲನ್ನು ಫೈಲಿಗೆ ಬರೆದು ವಾಪಸ್ ಓದುತ್ತದೆ, ಒಂದು ಸಣ್ಣ ಲೆಕ್ಕ ಮಾಡುತ್ತದೆ. ವಿಂಗಡಿಸುವುದನ್ನು ಯಾಕೆ ಸೇರಿಸಿದೆ ಅಂದರೆ ಕಂಪ್ಯೂಟರ್‌ನ ಭಾಷೆಯ ಸೆಟ್ಟಿಂಗ್ ಬೇರೆ ಇದ್ದರೆ ಆ ಕ್ರಮವೂ ಬೇರೆ ಬರುತ್ತದೆ. ಕನ್ನಡ ಸಾಲು ಯಾಕೆ ಅಂದರೆ ವಿಂಡೋಸ್‌ನ ಆರ್ ಯುಟಿಎಫ್-8 ಅನ್ನು ತನ್ನದು ಅಂತ ಒಪ್ಪಿಕೊಂಡಿದ್ದೇ 2022ರ 4.2ರಿಂದ, ಅದಕ್ಕೂ ಹಳೆಯದು ಇದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಲೆಕ್ಕದ ಉತ್ತರವನ್ನು ಆರೇಳು ಅಂಕಿಯವರೆಗೆ ಹೋಲಿಸಿ ಸಾಕು. ಲೆಕ್ಕ ಮಾಡುವ ಒಳಗಿನ ಲೈಬ್ರರಿ ಒಂದೊಂದು ಸಿಸ್ಟಂನಲ್ಲಿ ಒಂದೊಂದು ಇರುವುದರಿಂದ 15ನೇ ಅಂಕಿ ಬೇರೆ ಬಂದರೆ ಗಾಬರಿ ಬೇಡ.

ಹೊಸ ಲ್ಯಾಪ್‌ಟಾಪ್ ಬಂದಾಗ, ಯಾರಾದರೂ ಅಪ್‌ಡೇಟ್ ಮಾಡಿದಾಗ, ಪೇಪರ್ ಕಳಿಸುವ ಹಿಂದಿನ ದಿನ ಇದನ್ನು ಓಡಿಸಿ, ಫಲಿತಾಂಶವನ್ನು ಅದೇ ಲಾಂಗ್ ಬುಕ್‌ನಲ್ಲಿ ಬರೆಯುತ್ತೇವೆ.

ತೋಟದ ಪಟ್ಟಿಯನ್ನು ಮಾತ್ರ ಈಗ ಯಾರೂ ತಮ್ಮ ಲ್ಯಾಪ್‌ಟಾಪ್‌ನಲ್ಲಿ ತೆಗೆಯುವುದಿಲ್ಲ. ಸರ್ವರ್‌ನಲ್ಲಿ ಒಂದೇ ಸಲ ಚೀಟಿ ಎತ್ತಿ, ಸಿಎಸ್‌ವಿ ಮಾಡಿ, ಓದಲಿಕ್ಕೆ ಮಾತ್ರ ಇರುವ ಫೋಲ್ಡರ್‌ಗೆ ಹಾಕುತ್ತೇವೆ. ಅದರ ಪ್ರಿಂಟ್ ತೆಗೆದು ಪ್ಲಾಸ್ಟಿಕ್ ಕವರ್‌ಗೆ ಹಾಕಿ ಹುಡುಗರ ಕೈಗೆ ಒಂದೊಂದು ಪ್ರತಿ ಕೊಡುತ್ತೇವೆ. ರೈಟರ್‌ಗೂ ಒಂದು, ಅವರು ಈಗ ಹುಡುಗರು ಬರುವ ಮೊದಲೇ ಟೇಪ್ ಕಟ್ಟಿಸಿ ಇಟ್ಟಿರುತ್ತಾರೆ.